ಪಡಸಾಲೆಯ ನೀಲಿ ವಾಯರ್

ನಮ್ಮ ಮನೆಯಲ್ಲಿ ಈ ಕತೆಯನ್ನು ಹೇಳುವುದು ಹೀಗೆ: ಮನೆಗೆ ಎರಡು ನೆಟ್ ಬಂದವು, ಎರಡೂ ಒಂದಕ್ಕೊಂದು ಜಗಳಾಡಿದವು, ಆ ಜಗಳದಲ್ಲಿ ಅಕ್ಕನ ಸೀಟು ಹೋಯಿತು. ಮದುವೆಯ ಪಂಕ್ತಿ ಇರಲಿ, ಬಸುರಿಯ ಕುಬಸದ ಊಟ ಇರಲಿ, ನಮ್ಮವರು ನಾಲ್ಕು ಜನ ಸೇರಿದಲ್ಲೆಲ್ಲ ಅಪ್ಪನ ತಮ್ಮ, ನಮ್ಮ ಕಾಕಾ, ಇದನ್ನು ಹೇಳುತ್ತಾರೆ, ಕೇಳಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ರೂಟರ್ ಎಂದರೆ ಪ್ಲಾಸ್ಟಿಕ್ಕಿನ ಡಬ್ಬಿ. ಎರಡು ಡಬ್ಬಿಗಳು ತಾವಾಗಿಯೇ ಎದ್ದು ಹೋಗಿ ಜಗಳಾಡುವುದಿಲ್ಲ. ಯಾರಾದರೂ ಅವುಗಳ ನಡುವೆ ವಾಯರ್ ಸಿಕ್ಕಿಸಬೇಕು. ಆ ‘ಯಾರಾದರೂ’ ಈ ಕತೆಯಲ್ಲಿ ಯಾಕೆ ಕಾಣುವುದಿಲ್ಲ ಎಂಬುದೇ ನನ್ನ ತಕರಾರು.

ಬನಹಟ್ಟಿಯ ನಮ್ಮ ಮನೆ ಒಂದೇ. ಮುಂದಿನ ಕೋಣೆಗಳು ನಮ್ಮವು, ನಡುವಿನವು ಕಾಕಾನವು, ಹಿತ್ತಲಿನಲ್ಲಿ ಕಾಕಾನ ಪವರ್‌ಲೂಮ್ ಶೆಡ್. ಕಚೇರಿಯ ನೌಕರಿಯಲ್ಲಿದ್ದ ಅಪ್ಪ ಟೆಲಿಫೋನ್ ತಂತಿಯ ಮೇಲೆ ಬರುವ ಬ್ರಾಡ್‌ಬ್ಯಾಂಡ್ ಹಾಕಿಸಿದ್ದರು. ಅದರ ರೂಟರ್ ಪಡಸಾಲೆಯಲ್ಲಿತ್ತು. ಮುಂದೆ ಕಾಕಾ, ಸೀರೆಯ ಅಂಚಿನ ಡಿಸೈನುಗಳನ್ನು ವ್ಯಾಪಾರಿಗಳಿಗೆ ಕಳಿಸಲೆಂದು ಕೇಬಲ್ ಟಿವಿಯವನಿಂದ ಇನ್ನೊಂದು ನೆಟ್ ತೆಗೆದುಕೊಂಡು, ಶೆಡ್ಡಿನಲ್ಲಿ ಎರಡನೆಯ ರೂಟರ್ ಕೂರಿಸಿದರು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಶೆಡ್ಡಿನಿಂದ ಪಡಸಾಲೆಯ ಕಂಪ್ಯೂಟರಿನವರೆಗೆ ನೀಲಿ ವಾಯರ್ ಎಳೆಸಿದವಳು ನಾನು. ಅಪ್ಪನ ರೂಟರಿನಿಂದ ಬರುತ್ತಿದ್ದದ್ದು ಹಳದಿ ವಾಯರ್. ಕಂಪ್ಯೂಟರಿಗೆ ಒಮ್ಮೆಗೆ ಒಂದೇ. ಹಳದಿ ತೆಗೆದು ನೀಲಿ ಹಾಕಬೇಕು, ಇಲ್ಲವೇ ನೀಲಿ ತೆಗೆದು ಹಳದಿ. ಬಿಡುವಿದ್ದ ವಾಯರ್ ಗೋಡೆಯ ಮೊಳೆಗೆ ತೂಗಬೇಕು. ಇದಿಷ್ಟನ್ನೂ ಚೀಟಿಯಲ್ಲಿ ಬರೆದು ಅಲ್ಲೇ ಅಂಟಿಸಿದ್ದೆ.

ಅಕ್ಕ ಎಂದರೆ ಕಾಕಾನ ಮಗಳು, ನನಗಿಂತ ಒಂದು ವರ್ಷ ದೊಡ್ಡವಳು. ಇಂಜಿನಿಯರಿಂಗ್ ಸೀಟಿಗಾಗಿ ಕಾಲೇಜುಗಳ ಪಟ್ಟಿಯನ್ನು ನೆಟ್ಟಿನಲ್ಲಿ ತುಂಬಬೇಕಿತ್ತು. ಮೊದಲ ಸಲ ತುಂಬುವಾಗ ಕಾಕಾ ಪಕ್ಕದಲ್ಲೇ ಕುಳಿತಿದ್ದರು, ಹಾಗಾಗಿ ಪಟ್ಟಿಯ ಮೊದಲಲ್ಲೇ ಮುಧೋಳದ ಕಾಲೇಜು ಬಂತು. ಮುಂಜಾನೆ ಬಸ್ಸಿಗೆ ಹೋಗಿ ಸಂಜೆಗೆ ಮನೆಗೆ ಬರಬಹುದು ಎಂಬುದು ಅವರ ಲೆಕ್ಕ. ಅಕ್ಕನಿಗೆ ಬೇಕಿದ್ದದ್ದು ಮಂಗಳೂರು ಕಡೆಯ ಒಂದು ಕಾಲೇಜು. ಅವಳ ರ‍್ಯಾಂಕಿಗೆ ಅದು ಸಿಗುವಂತಿತ್ತು. ಕಾಕಾನೆದುರು ಬಾಯಿ ಬಿಡಲಾರದೆ ನನಗೆ ಹೇಳಿದಳು. ನಾನು ಆಗ ಕಾಲೇಜಿನ ಚರ್ಚಾ ತಂಡದಲ್ಲಿದ್ದವಳು, ಬಾಯಿ ಬಿಡದೆ ಇರಲಾರದವಳು.

ಭಾನುವಾರದ ಊಟದ ಹೊತ್ತಿಗೆ ವಿಷಯ ತೆಗೆದೆ.

“ಹಾಸ್ಟೆಲ್‌ನ್ಯಾಗ ಯಾರ ಮನಿ ಹುಡುಗ್ಯಾರೂ ಇರಂಗಿಲ್ಲೇನ್ರಿ ಕಾಕಾ?”

“ಇರ್ತಾರ. ನಮ್ಮನಿಯಾವ್ರು ಇಲ್ಲ.”

“ನಿಮ್ಮ ಸೀರಿ ಸೊಲ್ಲಾಪುರಕ್ಕ ಹೋಗ್ತಾವ, ಪುಣೆಕ್ಕ ಹೋಗ್ತಾವ. ಮಗಳಷ್ಟ ಮುಧೋಳ ದಾಟಬಾರದು?”

“ಸೀರಿ ಹೊಳ್ಳಿ ಮನಿಗೆ ಬರ್ತಾವಂತ ಯಾರ ದಾರಿ ಕಾಯ್ತಾರಬೇ?”

ನಮ್ಮ ಅಜ್ಜಿ, ಆಯಿ, ನಕ್ಕುಬಿಟ್ಟಳು. ನಾನು ಬಿಡಲಿಲ್ಲ. ರ‍್ಯಾಂಕ್ ತಂದವಳು ಅಕ್ಕ, ಓದುವವಳು ಅಕ್ಕ, ಹೀಗಿರುವಾಗ ಆರಿಸುವವರು ನೀವು ಹೇಗಾದಿರಿ ಎಂದೆ. ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೈಯೆತ್ತಿದರು.

“ಆತು ತಗೋ ವಕೀಲವ್ವಾ, ನೀ ಗೆದ್ದಿ. ನಾಳೆ ತನಕ ಟೈಮ್ ಐತಲ್ಲ, ಬೇಕಾದ್ದ ತುಂಬಕೋ ಹೇಳ ನಿಮ್ಮಕ್ಕಗ.”

ಅಷ್ಟು ಬೇಗ ಸೋಲೊಪ್ಪುವ ಎದುರಾಳಿಯನ್ನು ವೇದಿಕೆಯ ಮೇಲಾದರೆ ನಾನು ಅನುಮಾನಿಸುತ್ತಿದ್ದೆ. ಮನೆಯಲ್ಲಿ ಗೆದ್ದೆನೆಂದು ಎರಡು ರೊಟ್ಟಿ ಹೆಚ್ಚು ತಿಂದೆ.

ಮರುದಿನ ಸಂಜೆ ಐದಕ್ಕೆ ಅವಧಿ ಮುಗಿಯುವುದಿತ್ತು. ನಾನು ಜಮಖಂಡಿಯಲ್ಲಿ ಚರ್ಚಾ ಸ್ಪರ್ಧೆಗೆ ಹೋಗಿದ್ದೆ. ಕಪ್ ಹಿಡಿದುಕೊಂಡು ಬಸ್ಸಿನಲ್ಲಿ ಕುಳಿತ ಮೇಲೆ ನೋಡಿದರೆ, ಸದ್ದು ಬಂದ್ ಮಾಡಿಟ್ಟಿದ್ದ ಫೋನಿನಲ್ಲಿ ಅಕ್ಕನ ಏಳು ಕರೆಗಳು. ತಿರುಗಿ ಮಾಡಿದರೆ ಎತ್ತಲಿಲ್ಲ. ಮನೆ ಮುಟ್ಟಿದಾಗ ಐದು ಗಂಟೆ. ಆಯಿ ಒಬ್ಬಳೇ ಇದ್ದಳು.

“ನೆಟ್ ಸತ್ತೈತಂತ. ಅಪ್ಪ ಮಗಳು ಪ್ಯಾಟಿಗೆ ಓಡ್ಯಾರ, ನೆಟ್ ಅಂಗಡಿಗೆ.”

ರೂಟರಿನ ದೀಪಗಳೆಲ್ಲ ಹಸಿರಾಗಿ ಉರಿಯುತ್ತಿದ್ದವು. ಕಂಪ್ಯೂಟರಿನಲ್ಲಿ ಹಳದಿ ವಾಯರ್ ಇತ್ತು. ಬದಲಿಸೋಣವೆಂದು ಮೊಳೆಯತ್ತ ಕೈ ಚಾಚಿದರೆ ಮೊಳೆ ಖಾಲಿ. ನೀಲಿ ವಾಯರನ್ನು ಹಿಡಿದು ಅದರ ಬೆನ್ನು ಹತ್ತಿದೆ. ಅದರ ತುದಿ ಅಪ್ಪನ ರೂಟರಿನ ಹಿಂಬದಿಯ ಖಾಲಿ ತೂತಿನಲ್ಲಿ ಟಿಕ್ ಎನ್ನುವ ಹಾಗೆ ಸರಿಯಾಗಿ ಕೂತಿತ್ತು.

ಹೀಗೆ ಮಾಡಿದರೆ ಏನಾಗುತ್ತದೆ ಎಂಬುದು ಸರಳ. ಮನೆಯ ಫೋನು, ಕಂಪ್ಯೂಟರುಗಳಿಗೆ ನಂಬರ್ ಹಂಚುವುದು ರೂಟರಿನ ಕೆಲಸ. ನಮ್ಮವು ಎರಡೂ ಹಂಚುವವು, ಎರಡಕ್ಕೂ ತಯಾರಿಸಿದ ಕಂಪನಿಯಲ್ಲೇ ಇಟ್ಟು ಕಳಿಸಿದ ವಿಳಾಸ ಒಂದೇ. ಕೂಡಿಸಿದಾಗ ಎರಡೂ ತಾನೇ ಮನೆಯ ಬಾಗಿಲು ಎನ್ನುತ್ತವೆ. ಕಂಪ್ಯೂಟರ್ ಯಾವ ಬಾಗಿಲು ಬಡಿಯಬೇಕೆಂದು ತಿಳಿಯದೆ ಸುತ್ತುತ್ತ ನಿಲ್ಲುತ್ತದೆ. ದೀಪ ಹಸಿರೇ ಇರುತ್ತದೆ. ನೀಲಿ ವಾಯರ್ ಕಿತ್ತು ರೂಟರ್ ಆರಿಸಿ ಹಚ್ಚಿದೆ. ಸ್ವಲ್ಪ ಹೊತ್ತಿನಲ್ಲಿ ಪುಟ ತೆರೆದುಕೊಂಡಿತು. ಅವಧಿ ಮುಗಿದಿದೆ ಎಂದು ಅದರಲ್ಲಿ ಬರೆದಿತ್ತು.

ಕೇಬಲ್‌ನವನ ಮೇಲೆ ಅನುಮಾನಪಟ್ಟೆ. ಅವನು ಆ ವಾರ ಬಂದೇ ಇರಲಿಲ್ಲ. ಆಯಿಯ ಮೇಲೂ ಪಟ್ಟೆ. “ನನಗ ಆ ಹಾವು ಮುಟ್ಟಾಕ ಅಂಜಿಕಿ” ಎಂದಳು.

ಅಷ್ಟರಲ್ಲಿ ಅವರಿಬ್ಬರೂ ಬಂದರು. ನೆಟ್ ಅಂಗಡಿಯಲ್ಲಿ ಕೊನೆಯ ದಿನದ ಉದ್ದನೆಯ ಪಾಳಿ. ಅಕ್ಕನ ಸರದಿ ಬರುವಷ್ಟರಲ್ಲಿ ಐದು ದಾಟಿತ್ತು. ಮೂರರಿಂದ ನಾಲ್ಕೂವರೆಯವರೆಗೆ ಮನೆಯಲ್ಲೇ ಕಾದಿದ್ದಳಂತೆ. ಎಲ್ಲರೂ ಒಮ್ಮೆಗೇ ತುಂಬುತ್ತಿರುವುದರಿಂದ ತಡ, ಇನ್ನೇನು ಬರುತ್ತದೆ ಎಂದು ಅವಳನ್ನು ಕೂರಿಸಿದವರು ಕಾಕಾ.

ನಾನು ನೀಲಿ ವಾಯರ್ ಎತ್ತಿ ತೋರಿಸಿದೆ. “ಇದನ್ನ ಯಾರ ಹಾಕಿದ್ರು?”

“ನಾನ ಹಾಕೀನಿ,” ಎಂದರು ಕಾಕಾ, ಒಂದು ಕ್ಷಣವೂ ತಡಮಾಡದೆ. “ಎರಡೂ ಕೂಡಿದ್ರ ಜೋರ್ ಬರ್ತದಂತ ಹಾಕೀನಿ. ಪೋರಿ ಲಗೂನ ತುಂಬಲಿ ಅಂತ. ಬೋರಿನ ನೀರು, ನಳದ ನೀರು ಎರಡೂ ಒಂದ ಟಾಕಿಗಿ ಬೀಳಂಗಿಲ್ಲೇನು?”

ಅಕ್ಕ ಒಳಗೆ ಹೋದಳು. ನಾನು ವಾಯರನ್ನು ಮೊಳೆಗೆ ತೂಗಿದೆ. ನಮ್ಮ ಮಾಳಿಗೆಯ ಟಾಕಿಗೆ ಎರಡೂ ನೀರು ಬೀಳುವುದು ನಿಜ, ಆ ಪೈಪು ಕೂಡಿಸಿದವರು ಕಾಕಾನೇ ಎಂಬುದೂ ನಿಜ. ಹಳೆಯ ಪಟ್ಟಿಯೇ ಉಳಿದು ಅಕ್ಕನಿಗೆ ಮುಧೋಳ ಸಿಕ್ಕಿತು. ಆ ಕಾಲೇಜು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅವಳು ಆರಿಸಿದ್ದಲ್ಲ ಎಂದಷ್ಟೇ. ನಾಲ್ಕು ವರ್ಷ ಸಂಜೆಯ ಬಸ್ಸಿನ ಹೊತ್ತಿಗೆ ಕಾಕಾ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು.

ಅಕ್ಕನ ಕೊನೆಯ ವರ್ಷದಲ್ಲಿ, ಒಂದು ಮಧ್ಯಾಹ್ನ ಶೆಡ್ಡಿನಲ್ಲಿದ್ದೆ. ಕೆಲಸಕ್ಕೆ ಹೊಸದಾಗಿ ಬಂದಿದ್ದ ನೇಕಾರರೊಬ್ಬರಿಗೆ ಕಾಕಾ ಗೋಡೆಯ ಚೇಂಜೋವರ್ ತೋರಿಸುತ್ತಿದ್ದರು. ಅದರ ಹಿಡಿಕೆ ಮೇಲೆ ಮಾಡಿದರೆ ಲೈನಿನ ಕರೆಂಟು, ಕೆಳಗೆ ಮಾಡಿದರೆ ಜನರೇಟರಿನದು, ನಡುವೆ ಇಟ್ಟರೆ ಎರಡೂ ಇಲ್ಲ.

“ನಡುವ ನಿಂದ್ರಿಸಿ ಹತ್ತ ಎಣಿಸ್ರಿ. ಎರಡು ಕರೆಂಟ್ ಯಾವತ್ತೂ ಕೂಡಬಾರದು. ಕೂಡಿದ್ರ ಎರಡೂ ಸಾಯ್ತಾವ.”

ಇದೇ ಮಾತನ್ನು ಎಂಟನೆಯ ತರಗತಿಯಲ್ಲಿದ್ದಾಗ ನನಗೂ ಹೇಳಿದ್ದರು, ಹಿಡಿಕೆ ಮುಟ್ಟಿದ್ದಕ್ಕೆ ಕೈಮೇಲೆ ಒಂದು ಏಟು ಕೊಟ್ಟು. ನಾನು ಮರೆತಿದ್ದೆ. ಕಾಕಾ ದಿನಕ್ಕೆ ನಾಲ್ಕು ಸಲ ಆ ಹಿಡಿಕೆ ಎಳೆಯುವವರು. ಕೈಯಲ್ಲಿ ವಾಯರ್ ಹಿಡಿದ ಆ ದಿನ ಅವರಿಗೆ ಕರೆಂಟು ನೆನಪಾಗದೆ ನೀರು ಹೇಗೆ ನೆನಪಾಯಿತು? ಅವರ ಪರವಾಗಿಯೂ ಹೇಳಬೇಕು: ತಪ್ಪನ್ನು ಮುಚ್ಚಿಡಲಿಲ್ಲ, ತಾವೇ ಬೈಕ್ ಹತ್ತಿ ಅಕ್ಕನನ್ನು ಪೇಟೆಗೆ ಒಯ್ದರು. ಆದರೆ ಒಯ್ದದ್ದು ನಾಲ್ಕೂವರೆಗೆ.

ಮುಂದಿನ ವಾರ ಅಕ್ಕ ಎಂ.ಟೆಕ್‌ಗೆ ಅರ್ಜಿ ತುಂಬುವವಳಿದ್ದಳು, ಮತ್ತೆ ದೂರದೂರಿಗೆ, ಮತ್ತೆ ಅದೇ ಪಡಸಾಲೆಯಿಂದ. ನಾನು ಇದನ್ನೇ ಯೋಚಿಸುತ್ತಿರುವಾಗ ಶೆಡ್ಡಿನ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಗೇ ನಿಂತು ಶೆಡ್ ಮೌನವಾಯಿತು. ಹೊಸ ನೇಕಾರರು ಜನರೇಟರ್ ಚಾಲೂ ಮಾಡಲು ಹೊರಗೆ ಹೋದರು. ಕಾಕಾ ಹಿಡಿಕೆಯನ್ನು ನಡುವೆ ತಂದು ನಿಂತರು, ತುಟಿಯಲ್ಲೇ ಎಣಿಸುತ್ತ. ನಾನು ಹತ್ತಿರ ಹೋದೆ.

“ಕಾಕಾ, ಎರಡು ಕೂಡಿದ್ರ ಎರಡೂ ಸಾಯ್ತಾವ ಅಂತ ನನಗ ಕಲಿಸಿದಾವ್ರ ನೀವು. ಆವತ್ತ ಆ ನೀಲಿ ವಾಯರ್ ನೆಟ್ ಜೋರ್ ಬರಲಿ ಅಂತ ಹಾಕಿದ್ರೋ, ನಿಂದರಲಿ ಅಂತ ಹಾಕಿದ್ರೋ?”