ಮುಳ್ಳು ಹರಿದು ತಂದ ಗಿಡ

ಸಿಂದಗಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್ ಆಗಿ ನನಗದು ಕೊನೆಯ ವರ್ಷ. ಹೂವಿನ ಫೋಟೊ ತೆಗೆದು, ‘ಸರ್, ಇದ್ಯಾವ ಗಿಡ?’ ಎಂದು ವಾಟ್ಸ್ಯಾಪ್ ಮಾಡುವವರಿಂದ ತಲೆ ಚಿಟ್ಟು ಹಿಡಿದಿತ್ತು. ನೆಲಕ್ಕಂಟಿ ಬೆಳೆದು ಐದೆಸಳಿನ ಹಳದಿ ಹೂ ಬಿಡುವ ಗಿಡಗಳು ನಮ್ಮ ಕಪ್ಪು ಎರಿ ಮಣ್ಣಿನ ಹೊಲಗಳ ಬದುವಿನಲ್ಲಿ ಹತ್ತಾರಿವೆ. ಬರೀ ಹೂ ನೋಡಿ ಹೇಳಲು ನಾನೇನು ಜ್ಯೋತಿಷಿಯೇ?

ಆ ಮಳೆಗಾಲದಲ್ಲಿ ಯಂಕಂಚಿಯ ಕುರಿಗಾರ ಮಾಳಪ್ಪನ ಕುರಿಗಳ ಮುಖ, ಕಿವಿ ಬಾತುಕೊಂಡವು. ಪಶುವೈದ್ಯರಿಗೆ ಎರಡು ಅನುಮಾನ: ನೀಲಿ ನಾಲಿಗೆ ರೋಗ, ಇಲ್ಲವೇ ಯಾವುದೋ ಗಿಡದ ನಂಜು. ಅಂಥ ನಂಜೇರಿದ ಮೈ ಬಿಸಿಲು ತಡೆಯುವುದಿಲ್ಲ, ಬಿಸಿಲೇ ಕುರಿಗಳನ್ನು ಕೊಲ್ಲುತ್ತದೆ. ಹಾಗಾದರೆ ಅವು ಮೇಯುತ್ತಿದ್ದ ಬೀಳು ಬಿಡಿಸಿ ನೆರಳಲ್ಲಿ ಕಟ್ಟಬೇಕು. ಆದರೆ ಮಾಳಪ್ಪನಿಗೆ ಬೇರೆ ಮೇವಿರಲಿಲ್ಲ. ಖಾತ್ರಿಯಾಗಲೆಂದು ವೈದ್ಯರು ಅವನನ್ನು ನನ್ನ ಹತ್ತಿರ ಕಳಿಸಿದರು.

ಟವೆಲಿನ ತುದಿ ಬಿಚ್ಚಿದ. ಒಳಗೆ ಕುರಿ ಮೇಯ್ದ ಗಿಡದ ಬಾಡಿದ ನಾಲ್ಕು ಹಳದಿ ಹೂ ಮಾತ್ರ.

“ಇವನ್ನೇನ ದೇವರಿಗೆ ಏರಸ್ಲೇನು? ಬೇರ ಸಮೇತ ಇಡೀ ಗಿಡ ಕಿತ್ಕೊಂಡ ಬಾ” ಎಂದು ಗದರಿ ಕಳಿಸಿದೆ.

ಮರುದಿನ ಗಿಡ ತಂದ. ಬೇರಿನ ಮಣ್ಣು ತೊಳೆದು, ಪೇಪರಿನಲ್ಲಿ ಒಪ್ಪವಾಗಿ ಸುತ್ತಿದ್ದ. ಹುಣಸೆಯಂಥ ಜೋಡಿ ಎಲೆಗಳು. ಕುರಿಗೆ ನಂಜೇರಿಸುವ ನೆಗ್ಗಿಲು ಇರಬಹುದು, ಅಂಥ ನಂಜಿಲ್ಲದ ತಂಗಡಿ ಜಾತಿಯ ನೆಲಗಿಡವೂ ಇರಬಹುದು. ಕಾಯಿ ನೋಡಿದರೆ ತಕ್ಷಣ ತಿಳಿಯುತ್ತದೆ. ಕಾಯಿ ಒಂದೂ ಇರಲಿಲ್ಲ! ನನ್ನ ಪಿತ್ತ ನೆತ್ತಿಗೇರಿತು.

“ಕಾಯಿ ಎಲ್ಲಿ ಹೋದವು? ಇಡೀ ಗಿಡ ಅಂದ್ರ ತಿಳಿಯಂಗಿಲ್ಲೇನು ನಿನಗ?”

ಮಾಳಪ್ಪ ತಲೆ ತಗ್ಗಿಸಿದ. “ಮುಳ್ಳಿನ ಕಾಯಿ ಅದಾವ್ರಿ ಸರ್ರ. ನಿಮ್ಮ ಕೈಗೆ ಚುಚ್ಚತಾವಂತ ಒಂದೊಂದ ಹರದ ತಗದೇನ್ರಿ.”

ದೊಡ್ಡವರ ಕೈಗೆ ಮುಳ್ಳು ಕೊಡಬಾರದೆಂಬ ಅವನ ಮರ್ಯಾದೆ ನನಗೆ ಬೇಕಿದ್ದ ಒಂದೇ ಗುರುತನ್ನು ಕಿತ್ತೆಸೆದಿತ್ತು. ಮುಳ್ಳಿನ ಕಾಯಿ ಎಂದರೆ ನೆಗ್ಗಿಲೇ. ಕೂಡಲೇ ವೈದ್ಯರಿಗೆ ಫೋನ್ ಮಾಡಿದೆ.

ಫೋನ್ ಇಟ್ಟ ಮೇಲೆ ಮಾಳಪ್ಪ ಮೆಲ್ಲಗೆ ಅಂದ: “ಮುಂಜಾನೆ ಎರಡು ಸತ್ತುವ್ರಿ.”

“ಬಂದ ಕೂಡ್ಲೆ ಯಾಕ ಹೇಳ್ಲಿಲ್ಲೋ?”

“ನೀವು ಸಿಟ್ಟಿನ್ಯಾಗ ಇದ್ರಿ.”

ಉಳಿದ ಕುರಿಗಳು ನೆರಳಲ್ಲಿ ಚೇತರಿಸಿಕೊಂಡವು. ಗಿಡದ ಮಾದರಿ ಪೂರ್ತಿ ಇರಬೇಕು ಎಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆ ಗಿಡವನ್ನು ದಿನವೂ ಪೂರ್ತಿ ನೋಡುತ್ತಿದ್ದವನು ಎದುರಿಗೇ ನಿಂತಿದ್ದ. ಮೊದಲ ದಿನವೇ ‘ಕಾಯಿ ಹೆಂಗ ಅದಾವ?’ ಎಂದು ಒಂದು ಮಾತು ಕೇಳಿದ್ದರೆ ಆ ಎರಡು ಕುರಿ ಉಳಿಯುತ್ತಿದ್ದವು.