ಹತ್ತನೆಯ ಹೆಸರು

ಬನಹಟ್ಟಿಯ ಆ ನೇಕಾರ ಕೇಳುಗರನ್ನು ಸತಾಯಿಸಲೆಂದೇ ಬಾಸ್ಕೆಟ್‌ಬಾಲ್ ಸುದ್ದಿಯನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದರು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ, ಸತಾಯಿಸುವವರ ಮಗ್ಗದಲ್ಲಿ ಎಳೆ ಹರಿಯುತ್ತದೆಯೇ?

ಅವರ ಮಗ ಜಮಖಂಡಿ ಕಾಲೇಜಿನ ಆಟಗಾರ. ಇವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನಿನ್ನೆಯ ಪತ್ರಿಕೆಯನ್ನು ನಮಗೆಲ್ಲ ಓದಿ ಹೇಳುತ್ತ, ಮುಗಿದುಹೋದ ಪಂದ್ಯಕ್ಕೂ “ತಡೀರಿ, ಇನ್ನೂ ವ್ಯಾಳ್ಯಾ ಐತಿ” ಎನ್ನುತ್ತಿದ್ದರು.

ಅಂದು ಮುಂಬಯಿಯ ಗಿರಣಿಯೊಂದು ನೌಕರಿ ಕೊಟ್ಟು ತನ್ನ ತಂಡಕ್ಕೆ ಆರಿಸಿಕೊಂಡ ಹತ್ತು ಜನರ ಪಟ್ಟಿ ಪತ್ರಿಕೆಯಲ್ಲಿ ಬಂದಿತ್ತು. ಆ ನೌಕರಿ ಸಿಕ್ಕೇ ಸಿಗುತ್ತದೆಂದು ನಂಬಿ ಮಗ ಮೊದಲೇ ಕಾಲೇಜು ಬಿಟ್ಟಿದ್ದ. ಒಂಬತ್ತು ಹೆಸರು ಓದಿದರು, ಮಗನದು ಬರಲಿಲ್ಲ. ಪತ್ರಿಕೆ ಮಡಚಿ ತೊಡೆಯ ಕೆಳಗಿಟ್ಟು ಲಾಳಿ ಎಸೆದರು.

“ಮುಂದ ಓದಲೇ, ನಾಟಕದಾಗ ಪರದೆ ಬಿಟ್ಟಂಗ ಮಾಡಬ್ಯಾಡ!” ಎಂದ ಪಕ್ಕದ ಮಗ್ಗದವ.

“ತಡೀರಿ, ಇನ್ನೂ ವ್ಯಾಳ್ಯಾ ಐತಿ.”

ಅವರು ಮಗ್ಗ ತುಳಿಯುವ ಲಯ ತಪ್ಪಿ ಎಳೆ ಹರಿಯಿತು. ನಾನು ಬಗ್ಗಿ ಕೇಳಿದೆ: “ಕಾಕಾ, ಖರೆ ಹೇಳ್ರಿ. ಹತ್ತನೇ ಹೆಸರು ನೋಡೀರೋ, ಇಲ್ಲೋ?”