ಅಣ್ಣನ ಕೋಲಿಗೊಂದು ಹಿಡಿ

ನಮ್ಮಣ್ಣ ಲಿಫ್ಟ್ ರಿಪೇರಿ ಮಾಡುವವನು. ಕೋಪ ಅವನಿಗೆ ಮೂಗಿನ ತುದಿಯಲ್ಲೇ. ನನಗೂ ಕಮ್ಮಿ ಏನಿಲ್ಲ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ. ಲಿಫ್ಟ್ ನಡುವೆ ನಿಂತು, ಒಳಗಿದ್ದವರು ಬಾಗಿಲು ಬಡಿದು ಕೂಗಾಡಿದರೆ, "ಗಾಳಿ ಬರ್ತಿದೆ, ಬೆಳಕಿದೆ, ಇನ್ನೇನು ಬೇಕು? ಸುಮ್ನೆ ನಿಂತ್ಕೊಳ್ಳಿ" ಎಂದು ಮೇಲಿನಿಂದಲೇ ಗದರುತ್ತಿದ್ದ. ಹೊರಗೆ ಬಂದವರು ಅವನಿಗೆ ಥ್ಯಾಂಕ್ಸ್ ಹೇಳುವುದೋ ಜಗಳ ಆಡುವುದೋ ತಿಳಿಯದೆ ಹೋಗಿಬಿಡುತ್ತಿದ್ದರು. ಇಂಥವನು ಭಾನುವಾರ ಬಂತೆಂದರೆ ಬೆರಳುದ್ದದ ಮರದ ಗುಬ್ಬಿಯೊಂದಕ್ಕೆ ರೆಕ್ಕೆ ಬಿಡಿಸುತ್ತಾ, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು ಮಗುವಿನ ಹಾಗೆ ಕೂತಿರುತ್ತಿದ್ದ.

ಅವನು ಕೂರುತ್ತಿದ್ದದ್ದು ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಪಕ್ಕದ ಕೋಣೆಯಲ್ಲಿ. ಅಲ್ಲಿಯ ಲಿಫ್ಟನ್ನು ಬಹಳ ವರ್ಷದಿಂದ ನೋಡಿಕೊಂಡಿದ್ದಕ್ಕೆ ಕಟ್ಟಡದವರು ಆ ಕೋಣೆಯ ಬೀಗದ ಕೈ ಅವನಿಗೇ ಕೊಟ್ಟಿದ್ದರು. ಮರ ಕೆತ್ತುವ ಹುಚ್ಚಿದ್ದ ನಾವು ನಾಲ್ಕೈದು ಜನ ವಾರಕ್ಕೊಮ್ಮೆ ಸೇರುತ್ತಿದ್ದದ್ದು ಅಲ್ಲೇ. ನಾನು ಬಟ್ಟೆ ಹೊಲಿಯುವವಳು. ನಿವೃತ್ತರಾದ ಲೆಕ್ಕದ ಮೇಷ್ಟ್ರೊಬ್ಬರು, ಮುಂದಿನ ರಸ್ತೆಯ ಬೇಕರಿಯವರು, ಇವರಿಬ್ಬರು ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಉಳಿದವರು ಬಂದರೆ ಬಂದರು. ಅಣ್ಣನ ಜೇಬಿನಲ್ಲಿ, ಹಾಸಿಗೆಯಲ್ಲಿ, ಕೊನೆಗೆ ತಟ್ಟೆಯಲ್ಲೂ ಮರದ ಸಿಪ್ಪೆ ಸಿಕ್ಕಿ ಸಿಕ್ಕಿ ತಲೆ ಕೆಟ್ಟಿದ್ದ ಅತ್ತಿಗೆ ನಮಗೆ "ಸಿಪ್ಪೆ ಸಂಘ" ಎಂದು ಹೆಸರಿಟ್ಟಿದ್ದಳು. ಅಣಕಿಸಲು ಇಟ್ಟ ಹೆಸರನ್ನೇ ಮೇಷ್ಟ್ರು ಬಾಗಿಲ ಮೇಲೆ ಚಂದಕ್ಕೆ ಬರೆದು ಹಾಕಿದರು.

ಸಂಘಕ್ಕೆ ಒಂದು ಕಟ್ಟಳೆ ಇತ್ತು. ಅಲಗನ್ನು ಎಲ್ಲಿಂದ ಬೇಕಾದರೂ ತನ್ನಿ, ಚಾಕುವಿನ ಹಿಡಿಯನ್ನು ಮಾತ್ರ ಅವರವರೇ ಕೆತ್ತಿಕೊಳ್ಳಬೇಕು. ಹೊಸಬರು ಬಂದರೆ ಹೂವೂ ಇಲ್ಲ, ಹಕ್ಕಿಯೂ ಇಲ್ಲ, ಮೊದಲು ಹಿಡಿ. ಅಣ್ಣ ಎಲ್ಲರಿಗೂ ಹೇಳುತ್ತಿದ್ದದ್ದು ಒಂದೇ ಪಾಠ: "ಹಿಡ್ಕೋ, ಭಾರ ಹಾಕು, ಎಲ್ಲಿ ಒತ್ತುತ್ತೋ ಅಲ್ಲಿ ತೆಗಿ. ಸುಮ್ನೆ ಹಿಡ್ಕೊಂಡ್ರೆ ಎಲ್ಲಾ ಹಿಡಿನೂ ಚೆನ್ನಾಗೇ ಇರುತ್ತೆ. ಭಾರ ಬಿದ್ದಾಗ್ಲೇ ಅದರ ಬಣ್ಣ ಬಯಲಾಗೋದು." ನನ್ನ ಹಿಡಿ ಕೈಗೆ ಕೂರುವಷ್ಟರಲ್ಲಿ ಎಷ್ಟು ಭಾನುವಾರ ಕಳೆದವೋ. ನಾನು ಅವನಿಗೆ ಬೈದದ್ದಕ್ಕಂತೂ ಲೆಕ್ಕವೇ ಇಲ್ಲ.

ಇಂಥ ನಮ್ಮಣ್ಣ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಹಾಗೇ ಗೋಡೆಗೊರಗಿ ಜಾರಿದ. ಲಕ್ವ. ಬಲಗೈ, ಬಲಗಾಲು, ನಾಲಿಗೆ, ಮೂರನ್ನೂ ಒಟ್ಟಿಗೆ ಹಿಡಿದಿತ್ತು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ನಾಲಿಗೆ ಅಷ್ಟಿಷ್ಟು ತಿರುಗುತ್ತಿತ್ತು. ಬಲಗೈ ಬರಲೇ ಇಲ್ಲ. ತೊಡೆಯ ಮೇಲೆ ಯಾರೋ ಇಟ್ಟು ಮರೆತು ಹೋದ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಕಾಲನ್ನು ಒತ್ತಿ, ಮಡಿಸಿ ನೋಡಿ ಅತ್ತಿಗೆಯನ್ನು ಅಡುಗೆಮನೆಗೆ ಕರೆದು ಹೇಳಿದಳು: "ಕಾಲಲ್ಲಿ ಶಕ್ತಿ ಇದೆ ಆಂಟಿ. ಆದ್ರೆ ಈಗ ನಿಲ್ಲಬೇಕು, ಭಾರ ಹಾಕಬೇಕು. ಹೀಗೇ ಕೂತಿದ್ರೆ ಕಾಲು ಮರಗಟ್ಟುತ್ತೆ. ಆಮೇಲೆ ಯಾರು ಏನು ಮಾಡಿದ್ರೂ ಏಳಕ್ಕಾಗಲ್ಲ."

ಅವನು ಏಳಲಿಲ್ಲ. ಆಸ್ಪತ್ರೆಯವರು ಕೊಟ್ಟಿದ್ದ ನಾಲ್ಕು ಕಾಲಿನ ಸ್ಟೀಲ್ ಕೋಲನ್ನು ಎಡಗೈಯಲ್ಲಿ ಎತ್ತಿ ಬಾಗಿಲಾಚೆ ಎಸೆದ. ಸಂಘದವರು ಯಾರೂ ಮನೆ ಮೆಟ್ಟಿಲು ಹತ್ತಬಾರದು ಎಂದ. ನಾನು ತಂಗಿಯಾದ್ದರಿಂದ ಹತ್ತಿದೆ, ಹತ್ತಿದ ದಿನವೆಲ್ಲ ಜಗಳವಾಡಿದೆ. ಅವನು ಗೋಡೆ ಕಡೆ ಮುಖ ತಿರುಗಿಸಿ ಕೂತುಬಿಡುತ್ತಿದ್ದ.

ಹಾಗಿರುವಾಗ ಅತ್ತಿಗೆ ಒಂದು ಮಧ್ಯಾಹ್ನ ನಮ್ಮನೆಗೆ ಬಂದಳು. ಸೆರಗಿನ ಕೆಳಗೆ ಒಂದು ಬಟ್ಟೆಯ ಗಂಟು. ಬಿಚ್ಚಿದರೆ ಅಡುಗೆಮನೆಯ ಚಾಕುಗಳು, ಕತ್ತರಿ, ಅಣ್ಣನ ಶೇವಿಂಗ್ ಬ್ಲೇಡು, ಉಳಿಗಳು, ಕೊನೆಗೆ ಉಗುರು ಕತ್ತರಿಸುವುದೂ ಇತ್ತು.

"ಇದನ್ನ ನಿನ್ ಹತ್ರ ಇಟ್ಕೋ" ಎಂದಳು. "ಮೊನ್ನೆ 'ನನ್ನ ಮುಗಿಸಿಬಿಡ್ರೇ' ಅಂದ್ರು. ಇವತ್ತು ನಾನು ಬಟ್ಟೆ ಒಣಗಿಸಿ ಒಳಗೆ ಬರ್ತೀನಿ, ಹಣ್ಣು ಹೆಚ್ಚೋ ಚಾಕು ಅವರ ಎಡಗೈಲಿತ್ತು. ಅಲಗನ್ನ ಆ ಸತ್ತ ಕೈ ಮೇಲೆ ಇಟ್ಕೊಂಡು ನೋಡ್ತಾ ಕೂತಿದ್ರು. ಕಿತ್ಕೊಂಡೆ. ಒಂದು ಮಾತೂ ಆಡಲಿಲ್ಲ ಕಣೇ."

ಚಾಕು ಹರಿತವಾಗಿದೆಯೋ ಇಲ್ಲವೋ ಎಂದು ಹೆಬ್ಬೆರಳ ಉಗುರಿನ ಮೇಲಿಟ್ಟು ನೋಡುವುದು ನಮ್ಮ ಸಂಘದವರ ಚಾಳಿ. ಹರಿತವಿದ್ದರೆ ಉಗುರನ್ನು ಕಚ್ಚುತ್ತದೆ, ಮೊಂಡಾಗಿದ್ದರೆ ಜಾರುತ್ತದೆ. ಅದನ್ನೇ ಮಾಡುತ್ತಿದ್ದನೇನೋ ಎಂದು ನನ್ನ ಬಾಯಿಗೆ ಬಂತು. ಆದರೆ ಹೌದು, ಅದೇ ಎಂದು ಅತ್ತಿಗೆಗೆ ಆಣೆ ಮಾಡಿ ಹೇಳುವ ಧೈರ್ಯ ನನಗೆಲ್ಲಿತ್ತು? ಗಂಟನ್ನು ಹೊಲಿಗೆ ಯಂತ್ರದ ಕೆಳಗೆ ತಳ್ಳಿದೆ. ಅವತ್ತಿನಿಂದ ಅವರ ಮನೆಯಲ್ಲಿ ಸೊಪ್ಪನ್ನು ಕೈಯಲ್ಲೇ ಹರಿದು, ಬೀನ್ಸನ್ನು ಕೈಯಲ್ಲೇ ಮುರಿದು ಅಡುಗೆಯಾಯಿತು. ಅಣ್ಣನ ಗಡ್ಡ ಬೆಳೆಯಿತು.

ಸಂಘದಲ್ಲಿ ವಿಷಯ ಹೇಳಿದಾಗ ಮೇಷ್ಟ್ರು ಕನ್ನಡಕ ಒರೆಸುತ್ತಾ, "ಸ್ಟೀಲ್ ಕೋಲು ಬೇಡ ಅಂದ್ರೆ ಮರದ್ದು ಮಾಡೋಣ. ಲಿಫ್ಟಣ್ಣ ಮರ ಎಸೆಯೋ ಮನುಷ್ಯ ಅಲ್ಲ" ಎಂದರು.

ಬೇಕರಿಯವರು ತಮ್ಮ ಹಳೆಯ ಬಾಗಿಲ ಚೌಕಟ್ಟನ್ನು ಸೀಳಿ ಮರ ತಂದರು. ಕೋಲು ಮಾಡುವುದೇನು ಮಹಾ, ಎಲ್ಲಾ ಇರುವುದು ಹಿಡಿಯಲ್ಲಿ. ಹಿಡಿ ಅಣ್ಣನ ಕೈಗೇ ಕೂರಬೇಕು. ಅವನನ್ನು ಕರೆದು ಅಳತೆ ತೆಗೆಯುವ ಹಾಗಿಲ್ಲ. ಆಗ ಎಲ್ಲರ ಕಣ್ಣೂ ಒಟ್ಟಿಗೆ ಗೋಡೆಯ ಕಡೆ ಹೋಯಿತು. ಅವನ ಚಾಕು ಮೊಳೆಗೆ ನೇತುಬಿದ್ದಿತ್ತು. ವರ್ಷಾನುಗಟ್ಟಲೆ ಹಿಡಿದು ಹಿಡಿದು ಅದರ ಹಿಡಿಯಲ್ಲಿ ಅವನ ಅಂಗೈ, ಹೆಬ್ಬೆರಳ ಬುಡ, ನಾಲ್ಕು ಬೆರಳಿನ ತಗ್ಗು ಅಚ್ಚಾಗಿ ಕೂತಿದ್ದವು. ನಮಗೆ ನಿಧಿ ಸಿಕ್ಕಿದಷ್ಟು ಸಂತೋಷವಾಯಿತು. ನಾನು ಟೇಪು ಹಿಡಿದೆ, ಮೇಷ್ಟ್ರು ದಾರ ಸುತ್ತಿ ಅಳೆದರು, ಬೇಕರಿಯವರು ಕೆತ್ತಿದರು. ಒಂದೊಂದು ತಗ್ಗನ್ನೂ ಚಾಕುವಿನ ಪಕ್ಕ ಇಟ್ಟು, ಬೆಳಕಿಗೆ ಹಿಡಿದು, ಹೋಲಿಸಿ ತೆಗೆದೆವು. ಮುಗಿದಾಗ ಕಣ್ಣು ಮುಚ್ಚಿ ಮುಟ್ಟಿದರೂ ಅಣ್ಣನ ಕೈಯನ್ನೇ ಹಿಡಿದ ಹಾಗಿತ್ತು. ನನಗೆ ಅಳು ಬಂತು. ಬೇಕರಿಯವರು ನೋಡಿದರೆಂದು ಅವರಿಗೇ ಬೈದೆ.

ಮುಂದಿನ ಭಾನುವಾರ ಬೆಳಿಗ್ಗೆ ಮೂವರೂ ಅಣ್ಣನ ಮನೆಗೆ ಹೋದೆವು. ಮೆಟ್ಟಿಲು ಹತ್ತುವಾಗ ಮೇಷ್ಟ್ರು, "ಬೈದ್ರೆ ಬೈಸ್ಕೊಳ್ಳೋಣ, ಎಸೆದ್ರೆ ಬಗ್ಗೋಣ" ಎಂದರು. ನಗು ಬರಲಿಲ್ಲ. ಈ ಕೋಲನ್ನೂ ಎಸೆದುಬಿಟ್ಟರೆ ಮುಂದೆ ಏನು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಉಪಾಯ ನಮ್ಮ ಹತ್ತಿರ ಇರಲಿಲ್ಲ.

ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ನಮ್ಮನ್ನು ನೋಡಿದವನೇ ಅತ್ತಿಗೆಯನ್ನು ದುರುಗುಟ್ಟಿ ನೋಡಿದ. ಅತ್ತಿಗೆ ನೆಲ ನೋಡಿದಳು. ನಾನು ಹೆಚ್ಚು ಮಾತಿಗೆ ಹೋಗದೆ ಕೋಲನ್ನು ಅವನ ತೊಡೆಯ ಮೇಲೆ ಇಟ್ಟೆ.

ಅವನು ಎಸೆಯಲಿಲ್ಲ. ಹಿಡಿಯ ಮೇಲೆ ಎಡಗೈ ಬೆರಳಾಡಿಸಿದ. ಒಂದೊಂದೇ ತಗ್ಗಿನಲ್ಲಿ ಬೆರಳು ನಿಂತು ನಿಂತು ಮುಂದೆ ಹೋಯಿತು. ಗೊತ್ತಾಯಿತು ಅವನಿಗೆ, ಅದು ಯಾವುದರ ನಕಲು ಎಂದು. ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಕೋಲನ್ನು ನೆಲಕ್ಕೆ ಊರಿ ಹಿಡಿದುಕೊಂಡ.

ಕೂರಲಿಲ್ಲ. ಉಬ್ಬು ಬರಬೇಕಾದಲ್ಲಿ ತಗ್ಗು, ತಗ್ಗಿರಬೇಕಾದಲ್ಲಿ ಉಬ್ಬು. ಹೆಬ್ಬೆರಳಿಗೆ ಜಾಗವೇ ಇರಲಿಲ್ಲ. ಅವನು ತಿರುಗಿಸಿ ಹಿಡಿದ, ಮತ್ತೆ ತಿರುಗಿಸಿ ಹಿಡಿದ.

ನನಗೆ ಆಗ ಅರಿವಾಯಿತು. ಬಲಗೈ ಬಿದ್ದುಹೋದ ಮನುಷ್ಯ ಕೋಲನ್ನು ಎಡಗೈಯಲ್ಲಲ್ಲದೆ ಇನ್ನೆಲ್ಲಿ ಹಿಡಿಯುತ್ತಾನೆ? ನಾವು ಬಲಗೈಗೆ ಕೆತ್ತಿದ್ದೆವು. ಇಷ್ಟು ವರ್ಷ ಅವನೆದುರು ಕೂತು ನಾವು ನೋಡಿದ್ದು ಚಾಕು ಹಿಡಿದ ಆ ಒಂದು ಕೈಯನ್ನೇ. ಇನ್ನೊಂದು ಕೈ ಇದೆ ಎಂಬುದು ಮೂರು ತಲೆಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ. ಇಲ್ಲದ ಕೈಯನ್ನು ನುಣ್ಣಗೆ ತಿಕ್ಕಿ, ಎಣ್ಣೆ ಹಚ್ಚಿ, ತಂದು ಅವನ ತೊಡೆಯ ಮೇಲೆ ಇಟ್ಟಿದ್ದೆವು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

"ಬಲಗೈದು" ಎಂದ ಅಣ್ಣ.

ಮೇಷ್ಟ್ರು "ತಪ್ಪಾಯ್ತು ಲಿಫ್ಟಣ್ಣ, ಬೇರೆ ಮಾಡ್ಕೊಂಡು..." ಎಂದವರು ಅರ್ಧಕ್ಕೇ ನಿಲ್ಲಿಸಿದರು.

"ಚಾಕು" ಎಂದ ಅಣ್ಣ.

ಅತ್ತಿಗೆಯ ಮುಖ ಬಿಳುಚಿಕೊಂಡಿತು. "ಚಾಕು ಇಲ್ಲ" ಎಂದಳು.

"ಅವಳ್... ಚೀಲದಲ್ಲಿದೆ." ಅವನು ನನ್ನನ್ನೇ ನೋಡುತ್ತಿದ್ದ. "ನೋಡ್ಕೊಂಡೇ... ಕೆತ್ತಿದ್ದೀರಲ್ಲ. ಕೊಡು."

ಇತ್ತು. ಆ ಬೆಳಿಗ್ಗೆ ಕೊನೆಯ ಸಲ ಹೋಲಿಸಿ ನೋಡಿ ಚೀಲಕ್ಕೇ ಹಾಕಿಕೊಂಡಿದ್ದೆ. ಅತ್ತಿಗೆ ಅವನಿಗೆ ಕಾಣದ ಹಾಗೆ ತಲೆಯಾಡಿಸಿದಳು, ಬೇಡ, ಬೇಡ ಎಂದು. ಅವಳ ಎರಡೂ ಕೈ ಸೆರಗನ್ನು ಹಿಂಡುತ್ತಿದ್ದವು. ಕೊಟ್ಟು ಏನಾದರೂ ಆದರೆ ಜನ್ಮವಿಡೀ ಆ ಮುಖಕ್ಕೆ ನಾನು ಮುಖ ಕೊಡುವ ಹಾಗಿಲ್ಲ. ಕೊಡದಿದ್ದರೆ, ನಿನ್ನ ಮೇಲೆ ನಮಗೆ ನಂಬಿಕೆ ಇಲ್ಲ ಎಂದು ಅವನ ಮುಖಕ್ಕೇ ಹೇಳಿದ ಹಾಗೆ. ಹಾಗೆ ಹೇಳಿಸಿಕೊಂಡವನು ಮತ್ತೆ ಯಾಕಾದರೂ ಎದ್ದಾನು? ಚೀಲಕ್ಕೆ ಕೈಹಾಕಿ ಚಾಕು ತೆಗೆದು, ಅಲಗು ನನ್ನ ಕಡೆ ಮಾಡಿ ಅವನಿಗೆ ಕೊಟ್ಟೆ. ಅತ್ತಿಗೆ "ಅಯ್ಯೋ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ಅಣ್ಣ ಚಾಕುವನ್ನು ಎಡಗೈಯಲ್ಲಿ ಆಚೀಚೆ ಹೊರಳಿಸಿದ. ನಿಧಾನಕ್ಕೆ ಅಲಗನ್ನು ತೊಡೆಯ ಮೇಲೆ ಬಿದ್ದಿದ್ದ ಬಲಗೈಯ ಹತ್ತಿರ ತಂದ. ಮಣಿಕಟ್ಟಿನ ಮೇಲೆ ಹಾದುಹೋಯಿತು. ಬೇಕರಿಯವರು ಒಂದು ಹೆಜ್ಜೆ ಮುಂದಿಟ್ಟರು, ನಾನು ಅವರ ತೋಳು ಹಿಡಿದುಕೊಂಡೆ. ಯಾಕೆ ಹಿಡಿದೆನೋ ನನಗೇ ಗೊತ್ತಿಲ್ಲ.

ಅಲಗು ಹೆಬ್ಬೆರಳ ಉಗುರಿನ ಮೇಲೆ ನಿಂತಿತು. ಅಣ್ಣ ಮೆಲ್ಲಗೆ ಒತ್ತಿದ. ಅದು ಜಾರಿತು.

"ಮೊಂಡು" ಎಂದ ಅಣ್ಣ. ಆಮೇಲೆ ನಮ್ಮ ಮೂವರನ್ನೂ ಒಂದು ಸುತ್ತು ನೋಡಿ, ಬಾಯಿ ಸೊಟ್ಟ ಮಾಡಿಕೊಂಡು ಕಷ್ಟಪಟ್ಟು ಹೇಳಿದ: "ಪಂಪಿನ ಥಂಡಿಗೆ... ತುಕ್ಕು ಹಿಡಿಸಿದ್ದೀರಲ್ರೋ. ದಂಡಪಿಂಡಗಳಾ."

ಲಕ್ವ ಹೊಡೆದಮೇಲೆ ಅವನು ಯಾರನ್ನಾದರೂ ಬೈದದ್ದು ಅದೇ ಮೊದಲು. ನಾನು ಅಲ್ಲೇ ನೆಲದ ಮೇಲೆ ಕೂತೆ. ಅತ್ತಿಗೆ ಗೋಡೆ ಹಿಡಿದು ನಿಂತಿದ್ದಳು. ಹಣ್ಣಿನ ಚಾಕು ಕಿತ್ತುಕೊಂಡ ದಿನ ಅವಳಿಗೆ ನೆನಪಾಗಿತ್ತೆಂದು ಕಾಣುತ್ತದೆ. ಗಂಡನ ಕೈಯನ್ನೂ ಉಗುರನ್ನೂ ಮತ್ತೆ ಮತ್ತೆ ನೋಡುತ್ತಿದ್ದಳು.

ಬೇಕರಿಯವರು ತಮ್ಮ ಸೊಂಟದ ಚರ್ಮದ ಬೆಲ್ಟು ಬಿಚ್ಚಿ ಕಿಟಕಿಯ ಸರಳಿಗೆ ಸಿಕ್ಕಿಸಿ ಎಳೆದು ಹಿಡಿದರು. ಅಣ್ಣ ಅದರ ಮೇಲೆ ಚಾಕುವನ್ನು ಮಸೆದ. ಬೇಕರಿಯವರ ಇನ್ನೊಂದು ಕೈ ಅಷ್ಟು ಹೊತ್ತೂ ಪ್ಯಾಂಟನ್ನು ಕಾಯುತ್ತಿತ್ತು. ಈ ಸಲ ಅಲಗು ಉಗುರನ್ನು ಕಚ್ಚಿತು.

ಈಗ ಇನ್ನೊಂದು ತೊಡಕು. ಕೆತ್ತಲು ಒಂದು ಕೈ ಇದೆ, ಮರ ಹಿಡಿಯಲು ಕೈ ಇಲ್ಲ. ಬೇಕರಿಯವರು ಮುಂದೆ ಬಂದರು. ಅಣ್ಣ ತಲೆಯಾಡಿಸಿದ. ಅತ್ತಿಗೆಯನ್ನು ನೋಡಿ, "ನೀನು ಹಿಡ್ಕೋ" ಎಂದ.

ನಮ್ಮ ಸಂಘಕ್ಕೆ ಕಾಲಿಡದವಳು, ಸಿಪ್ಪೆ ಕಂಡರೆ ಪೊರಕೆ ಎತ್ತುವವಳು, ಅವನ ಮುಂದೆ ನೆಲದ ಮೇಲೆ ಕೂತು ಕೋಲಿನ ಹಿಡಿಯನ್ನು ಕುರ್ಚಿಯ ತೋಳಿನ ಮೇಲೆ ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

"ಅಲ್ಲಾಡಿಸ್ಬೇಡ."

"ನಾನೆಲ್ರೀ ಅಲ್ಲಾಡಿಸ್ತಿದ್ದೀನಿ, ನಿಮ್ ಕೈನೇ ಅಲ್ಲಾಡ್ತಿರೋದು."

"ಬೆರಳು... ಹಿಂದಕ್ಕೆ ತಗೋ."

ಮೊದಲ ಸಲ ಅಲಗು ಜಾರಿ ಕುರ್ಚಿಯ ತೋಳಿಗೆ ಕಚ್ಚಿತು. ಎರಡನೆಯ ಸಲ ಮರದಲ್ಲಿ ಆಳಕ್ಕೆ ಹೋಗಿ ಸಿಕ್ಕಿಕೊಂಡಿತು. ಅಣ್ಣನ ಹಣೆಯಲ್ಲಿ ಬೆವರು. ಹಲ್ಲು ಕಚ್ಚಿ ಎಳೆದು ಬಿಡಿಸಿದ. ಇನ್ನೇನು ಚಾಕುವನ್ನು ಎಸೆಯುತ್ತಾನೆ ಎಂದುಕೊಂಡೆ. ಎಸೆಯಲಿಲ್ಲ. ಮತ್ತೆ ಇಟ್ಟ, ಈ ಸಲ ಚಪ್ಪಟೆಯಾಗಿ, ಮೆಲ್ಲಗೆ. ಒಂದು ತೆಳ್ಳನೆಯ ಸಿಪ್ಪೆ ಸುರುಳಿ ಸುತ್ತಿಕೊಂಡು ಎದ್ದು ಅತ್ತಿಗೆಯ ಮಡಿಲಿಗೆ ಬಿತ್ತು. ಅವಳು ಅದನ್ನು ಕೊಡವಲಿಲ್ಲ.

ಹೆಬ್ಬೆರಳಿಗೆ ಜಾಗವಾಯಿತು. ಅಂಗೈಯ ಕಡೆ ಒಂದಿಷ್ಟು ಹೋಯಿತು. ಅಣ್ಣ ಚಾಕುವನ್ನು ಕಿಟಕಿಯ ಮೇಲಿಟ್ಟು ಕೋಲನ್ನು ಊರಿ ಹಿಡಿದ. ಬೆರಳು ಬಿಗಿ ಮಾಡಿ, ಸಡಿಲ ಮಾಡಿ ನೋಡಿದ. ಮುಖ ಗಂಟಿಕ್ಕಿತು.

"ಗೊತ್ತಾಗ್ತಿಲ್ಲ" ಎಂದ. "ಭಾರ ಬೀಳ್ಬೇಕು."

ಏಳು ಎಂದು ನಾವು ಯಾರೂ ಹೇಳಲಿಲ್ಲ. ವ್ಯಾಯಾಮದ ಹುಡುಗಿ ಕೈಮುಗಿದು ಕೇಳಿದರೂ ಏಳದವನು, ಅತ್ತಿಗೆ ಅತ್ತು ಕರೆದರೂ ಏಳದವನು, ಆ ಹಿಡಿ ಎಲ್ಲಿ ಒತ್ತುತ್ತದೆ ಎಂದು ನೋಡಲು ಎದ್ದ. ಎಡಗೈ ಕೋಲಿನ ಮೇಲೆ, ಬಲಗಾಲು ಥರಥರ. ಅತ್ತಿಗೆ ಹಿಂದಿನಿಂದ ಅವನ ಸೊಂಟದ ಸುತ್ತ ಕೈ ಚಾಚಿ, ಮುಟ್ಟದೆ ನಿಂತಳು. ಅವನಿಗೆ ಅದ್ಯಾವುದರ ಕಡೆಯೂ ಗಮನವಿರಲಿಲ್ಲ. ಪೂರ್ತಿ ಭಾರವನ್ನು ಕೋಲಿನ ಮೇಲೆ ಬಿಟ್ಟು, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು ಹಿಡಿಯನ್ನೇ ನೋಡುತ್ತಿದ್ದ.

"ಇಲ್ಲಿ ಒತ್ತುತ್ತೆ" ಎಂದು ಹೇಳಿ, ಬೆಳಕು ಸಾಲದೆಂದು ಕಿಟಕಿಯ ಕಡೆಗೆ ಒಂದು ಹೆಜ್ಜೆ ಇಟ್ಟ.

ಮಧ್ಯಾಹ್ನದವರೆಗೂ ಹಾಗೇ ನಡೆಯಿತು. ಕೂತು ಕೆತ್ತುವುದು, ಎದ್ದು ಭಾರ ಹಾಕುವುದು, ಮತ್ತೆ ಕೂರುವುದು. ನಾವು ಹೊರಟಾಗಲೂ ಹಿಡಿ ಪೂರ್ತಿ ಆಗಿರಲಿಲ್ಲ. ನಾಳೆಗೂ ಉಳಿದಿದೆ ಎಂದ ಅಣ್ಣ. ಚಾಕು ಕಿಟಕಿಯ ಮೇಲೇ ಇತ್ತು. ನಾನು ಅತ್ತಿಗೆಯ ಮುಖ ನೋಡಿದೆ. ಅವಳು ಅದನ್ನು ತೆಗೆದುಕೊಂಡು ಹೋಗು ಎನ್ನಲಿಲ್ಲ. ಸೀರೆಯ ತುಂಬ ಸಿಪ್ಪೆ ಅಂಟಿಸಿಕೊಂಡೇ ಬಾಗಿಲವರೆಗೆ ಬಂದು ಹೇಳಿದಳು:

"ಸಾಯಂಕಾಲ ಬರುವಾಗ ಆ ಗಂಟು ತಂದುಕೊಡೇ. ತರಕಾರಿ ಹೆಚ್ಚಬೇಕು."